ಯಾರೂ ಏಳದ ಶಾಲೆ

ಬನ್ನಿ, ಇತ್ತ ಸರಿದು ಕೂತುಕೊಳ್ಳಿ. ಕಡಲೆಕಾಯಿ ತಿನ್ನುವವರು ತಿನ್ನಿ, ಸಿಪ್ಪೆ ಮಾತ್ರ ಮೊರಕ್ಕೆ ಹಾಕಿ. ನೆಲಕ್ಕೆ ಬಿದ್ದದ್ದನ್ನು ಗುಡಿಸುವವಳು ನಾನೇ. ನಡುನಡುವೆ ಹೂಂ ಅನ್ನಬೇಕು. ಹೂಂ ಅನ್ನದವರಿಗೆ ಕಥೆ ಹೇಳುವುದೂ ಒಂದೇ, ಒರಳುಕಲ್ಲಿಗೆ ಹೇಳುವುದೂ ಒಂದೇ. ಹೂಂ ಅಂತೀರಾ? ಹಾಗಾದರೆ ಕೇಳಿ.

ಒಂದೂರಿತ್ತು. ಊರಿಗೊಂದೇ ಶಾಲೆ. ಶಾಲೆಗೊಂದೇ ಕೋಣೆ, ಹಾವು ಮಲಗಿದ ಹಾಗೆ ಉದ್ದಕ್ಕೆ. ಕೋಣೆಯ ತುಂಬ ಹಲಸಿನ ಮರದ ಮಣೆಗಳು, ಸಾಲು ಸಾಲು. ಒಂದು ಮಗುವಿಗೆ ಒಂದು ಮಣೆ. ಆ ಶಾಲೆಗೆ ಒಂದು ಕಟ್ಟಳೆಯಿತ್ತು. ಯಾವ ಮಗು ಯಾವ ಮಣೆಯ ಮೇಲೆ ಕೂತಿತೋ ಆ ಮಣೆ ಅದರದು. ಅದು ತಾನಾಗಿ ಬಂದು, ಮಣೆಯ ಮುಂದೆ ನಿಂತು, ತನ್ನ ಬಾಯಿಂದಲೇ ‘ನಾನು ಎದ್ದೆ’ ಅನ್ನುವವರೆಗೆ ಅಲ್ಲಿ ಇನ್ನೊಂದು ಮಗು ಕೂರುವ ಹಾಗಿಲ್ಲ. ಅಲ್ಲಿಯವರೆಗೆ ಆ ಮಗುವಿಗೆ ಮೀಸೆ ಬರಲಿ, ಮೊಮ್ಮಕ್ಕಳು ಬರಲಿ, ಅದು ಶಾಲೆಯಲ್ಲೇ ಕೂತಿದೆ ಅಂತ ಲೆಕ್ಕ.

ಕಟ್ಟಳೆ ಮಾಡಿದವನು ಕೆಟ್ಟವನಲ್ಲ. ಬಹಳ ಹಿಂದೆ ಒಬ್ಬ ಮೇಷ್ಟ್ರು ಇದ್ದನಂತೆ, ಮಕ್ಕಳೆಂದರೆ ಜೀವ. ಸುಗ್ಗಿ ಬಂತೆಂದರೆ ಹೆತ್ತವರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ತಿರುಗಿ ಬಂದ ಮಗು ತನ್ನ ಜಾಗದಲ್ಲಿ ಇನ್ನೊಬ್ಬರನ್ನು ಕಂಡು ಬಾಗಿಲಲ್ಲೇ ಅಳುತ್ತಾ ನಿಲ್ಲುತ್ತಿತ್ತು. ಅದನ್ನು ನೋಡಲಾರದೆ ಆ ಪುಣ್ಯಾತ್ಮ, ತಾನೇ ಎದ್ದೆ ಅನ್ನುವವರೆಗೆ ಯಾರ ಜಾಗವೂ ಹೋಗಕೂಡದು ಅಂದ. ಒಳ್ಳೆಯ ಮಾತೇ. ಹಾಲೂ ಒಳ್ಳೆಯದೇ, ಮೊನ್ನೆ ಕಾಯಿಸಿಟ್ಟದ್ದನ್ನು ಇವತ್ತು ಕುಡಿಯಿರಿ ನೋಡೋಣ.

ಆಮೇಲೆ ಏನಾಯಿತು? ಶಾಲೆಯಲ್ಲಿ ಮಣೆ ಇದ್ದವರಿಗೆ ಊರಲ್ಲಿ ‘ಕೂತವರು’ ಅಂತ ಹೆಸರು ಬಿತ್ತು. ಮದುವೆಮನೆಯಲ್ಲಿ ಕೂತವರಿಗೆ ಮೊದಲ ಪಂಕ್ತಿ. ಮಿಕ್ಕವರಿಗೆ ತಣ್ಣಗಾದ ಸಾರು, ಮುರುಕು ಹೋಳಿಗೆ. ಇನ್ನು ಏಳುವವರು ಯಾರು? ಒಬ್ಬರೂ ಏಳಲಿಲ್ಲ. ವರ್ಷದ ಮೇಲೆ ವರ್ಷ ಉರುಳಿತು. ಮಣೆಗಳೆಲ್ಲ ಬರಿದಾಗಿದ್ದವು, ಶಾಲೆ ಮಾತ್ರ ತುಂಬಿತ್ತು.

ಈ ಊರಿನಲ್ಲಿ ಪೊರಕೆ ಕಟ್ಟುವವಳೊಬ್ಬಳಿದ್ದಳು. ಗಂಡ ಪೊರಕೆಯ ಹೊರೆ ಹೊತ್ತು ಊರೂರು ತಿರುಗುವವನು. ಮನೆಯಲ್ಲಿದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಅವಳಿಗೊಂದು ಹೆಣ್ಣು ಕೂಸು. ಆ ಕೂಸಿಗೆ ಅಕ್ಷರದ ಹುಚ್ಚು. ಎಣ್ಣೆ ಡಬ್ಬದ ಮೇಲಾಗಲಿ, ಗುಡಿಯ ಕಲ್ಲಿನ ಮೇಲಾಗಲಿ, ಅಕ್ಷರ ಕಂಡಲ್ಲೆಲ್ಲ ಬೆರಳಿಟ್ಟು, ‘ಇದು ಏನಂತ ಕೂಗುತ್ತೆ ಅವ್ವ?’ ಅನ್ನುವುದು. ಅವ್ವನಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದರೆ ಕೂಸು ಬಿಡುವುದಿಲ್ಲ. ಕೊನೆಕೊನೆಗೆ ಅವಳು ಬಾಯಿಗೆ ಬಂದದ್ದು ಹೇಳತೊಡಗಿದಳು: ಇದು ಕಾಗೆ, ಇದು ಬೆಲ್ಲ, ಇದು ನಿಮ್ಮಪ್ಪ. ಕೂಸು ಅದನ್ನೆಲ್ಲ ನೆನಪಿಟ್ಟುಕೊಂಡಿತು. ಒಂದು ದಿನ ಗುಡಿಯ ಅಕ್ಷರವೇ ಎಣ್ಣೆ ಡಬ್ಬದ ಮೇಲೆ ಕಂಡಾಗ, ಈ ಕಾಗೆ ಇಲ್ಲಿಗೇಕೆ ಬಂತು ಅಂತ ಕೇಳಿಬಿಟ್ಟಿತು. ಅವ್ವನ ಕೈಯಲ್ಲಿದ್ದ ಪೊರಕೆ ಕೈಯಲ್ಲೇ ಉಳಿಯಿತು. ಸುಳ್ಳು ಸಾಕು, ಕೂಸನ್ನು ಶಾಲೆಗೆ ಹಾಕುತ್ತೇನೆ ಅಂದುಕೊಂಡಳು.

ಹಾಕಬೇಕು, ಅದೂ ಬೇಗ ಹಾಕಬೇಕು. ಹಾಲುಹಲ್ಲು ಬೀಳುವ ಮೊದಲು ಕೂತ ಮಗು ಮಾತ್ರ ಶಾಲೆಯ ಮಗು. ಬಿದ್ದ ಮೇಲೆ ಹೋದರೆ ಬಾಗಿಲು ಕಾಯುವವನು ಬಾಯಿ ತೆರೆಸಿ ನೋಡಿ, ಹೊತ್ತು ಮೀರಿತು ಅಂತ ಹಿಂದಕ್ಕೆ ಕಳಿಸುತ್ತಾನೆ, ಆ ಮಗು ಇನ್ನು ಹುಟ್ಟಿದ ಜನ್ಮಕ್ಕೆ ಶಾಲೆ ಕಾಣುವಂತಿಲ್ಲ. ಈ ಕೂಸಿನ ಕೆಳದವಡೆಯ ಮುಂದಿನ ಹಲ್ಲೊಂದು ಆಗಲೇ ಅಲ್ಲಾಡುತ್ತಿತ್ತು. ಅವ್ವ ರೊಟ್ಟಿ ಕೊಡುವುದು ನಿಲ್ಲಿಸಿದಳು, ಅಂಬಲಿ ಕುಡಿಸಿದಳು, ಅನ್ನವನ್ನು ಕಿವುಚಿ ತಿನ್ನಿಸಿದಳು. ಹಲ್ಲು ಮುಟ್ಟಬೇಡ ಅಂತ ಹಗಲೆಲ್ಲ ಹೇಳಿದಳು. ಬೇಡ ಅಂದದ್ದನ್ನು ಬಿಟ್ಟ ಮಕ್ಕಳುಂಟೆ? ಕೂಸು ನಾಲಗೆಯಿಂದ ಹಲ್ಲನ್ನು ಬಾಗಿಲ ಚಿಲಕ ಅಲ್ಲಾಡಿಸಿದ ಹಾಗೆ ಅಲ್ಲಾಡಿಸುತ್ತಲೇ ಇತ್ತು.

ಅವ್ವ ಕೂಸಿಗೆ ತಲೆ ಬಾಚಿ, ಎಣ್ಣೆ ಮುಖ ಒರೆಸಿ ಶಾಲೆಗೆ ಕರೆದುಕೊಂಡು ಹೋದಳು. ಬಾಗಿಲು ಕಾಯುವವನು ಒಳಗೆ ಗುಡಿಸುತ್ತಿದ್ದ. ಅವನು ಗುಡಿಸುವುದನ್ನು ನೀವು ನೋಡಬೇಕಿತ್ತು. ಬರೀ ಮಣೆಯ ಹತ್ತಿರ ಬಂದಾಗಲೆಲ್ಲ ಬಗ್ಗಿ, ಸ್ವಲ್ಪ ಕಾಲು ಎತ್ತಿಕೊಳ್ಳಿ ಬುದ್ಧಿ, ಅನ್ನುತ್ತಿದ್ದ. ಯಾರೋ ಎತ್ತಿಕೊಂಡರೆನ್ನುವ ಹಾಗೆ ತುಸು ಹೊತ್ತು ಕಾದು ಆಮೇಲೆ ಪೊರಕೆ ಆಡಿಸುತ್ತಿದ್ದ.

ಕೂಸನ್ನು ಸೇರಿಸಬೇಕಿತ್ತು ಅಂದಳು ಅವ್ವ.

“ಜಾಗ ಇಲ್ಲ ಕಣವ್ವ. ತುಂಬಿದೆ.”

“ಎಲ್ಲಿ ತುಂಬಿದೆ ಅಣ್ಣ? ಒಂದು ನರಪಿಳ್ಳೆ ಇಲ್ವಲ್ಲ.”

“ಕೂತಿದ್ದಾರಲ್ಲವ್ವ. ಹೀಗೆ ಎದುರಿಗೆ ನಿಂತು ಇಲ್ಲ ಅಂದರೆ ಅವರಿಗೆ ಬೇಜಾರಾಗಲ್ವೇ?”

ಒಳಗೆ ಮೇಷ್ಟ್ರು ಪಾಠ ಹೇಳುತ್ತಿದ್ದರು. ಹಿಂದಿನ ಮೇಷ್ಟ್ರಿಂದ ಇವರಿಗೆ ಬಂದದ್ದು ಒಂದು ಬೆತ್ತ, ಒಂದು ಕನ್ನಡಕ, ಬಾಯಿಪಾಠವಾಗಿ ಬಂದ ಕೂತವರ ಹೆಸರುಗಳು. ಅವರು ಬರೀ ಮಣೆಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು, ಬರೀ ಮಣೆಯ ಮೇಲೆ ಬೆತ್ತ ಕುಟ್ಟಿ, ಪಕ್ಕದವನ ಜೊತೆ ಮಾತು ಬೇಡ ಅಂತ ಗದರುತ್ತಿದ್ದರು. ಅವ್ವನ ಮಾತನ್ನು ಅವರು ಸಮಾಧಾನದಿಂದಲೇ ಕೇಳಿದರು. ಪಾಪದ ಮನುಷ್ಯ, ಕರುಣೆಯಿಲ್ಲದವರಲ್ಲ. ತಾಯಿ, ನನ್ನ ಕೈಯಲ್ಲೇನಿದೆ, ಏಳುವವರೊಬ್ಬರನ್ನು ಹುಡುಕಿ ಕರೆದುಕೊಂಡು ಬಾ, ಅವರು ಎದ್ದ ಗಳಿಗೆಗೆ ನಿನ್ನ ಕೂಸನ್ನು ಕೂರಿಸುತ್ತೇನೆ ಅಂದರು.

ಅವ್ವ ಹೊರಟಳು. ಕೂತವರ ಮನೆಗಳ ಕಡೆ, ಕೂಸಿನ ಕೈ ಹಿಡಿದು, ಕೂಸಿನ ಬಾಯಿಯ ಮೇಲೆ ಕಣ್ಣಿಟ್ಟು.

ಮೊದಲು ದೊಡ್ಡಮನೆಯ ಯಜಮಾನನ ಹತ್ತಿರ ಹೋದಳು. ಶಾಲೆಯ ಮುಂದಿನ ಸಾಲಿನ ಮೊದಲ ಮಣೆ ಅವನದು. ಬಾಯಲ್ಲಿ ಒಂದೂ ಹಲ್ಲಿಲ್ಲ, ಮನೆಯಲ್ಲಿ ಒಂದೂ ಮಗುವಿಲ್ಲ, ಜಗಲಿಯ ಮೇಲೆ ದಿಂಬಿಗೊರಗಿ ಎಲೆ ಅಡಿಕೆ ಕುಟ್ಟಿಸಿಕೊಂಡು ಹಾಕುತ್ತಿದ್ದ. ಅವನು ಕೂತಿದ್ದ, ಇವಳು ನಿಂತಿದ್ದಳು. ಏಳುವುದಕ್ಕೇನಂತೆ, ಏಳೋಣ ಅಂದ ಅವನು. ಅವ್ವನಿಗೆ ಎದೆ ತುಂಬಿ ಬಂತು. ಆದರೆ ಇವತ್ತು ಅಮಾವಾಸ್ಯೆ ಅಂದ. ಅಮಾವಾಸ್ಯೆ ಕಳೆದು ಹೋದಾಗ, ಮಂಗಳವಾರ ಏಳಬಾರದು ಅಂದ. ಬುಧವಾರ ಹೋದರೆ ಮಂಡಿ ನೋವು. ಎಣ್ಣೆ ಬಿಸಿ ಮಾಡಿ ಮಂಡಿಗೆ ಇವಳೇ ತಿಕ್ಕಿದಳು, ಅವನು ತಿಕ್ಕಿಸಿಕೊಂಡು ಸುಖವಾಗಿ ನಿದ್ದೆ ಹೋದ. ಎದ್ದ ಮೇಲೆ, ನೀನು ಯಾರವಳೇ ಅಂತ ಕೇಳಿದ.

“ನಿಮ್ಮ ಮಣೆಗೆ ಬಂದವಳು ಬುದ್ಧಿ. ನಿಮಗದು ಯಾತಕ್ಕೆ ಬೇಕು?”

“ಯಾತಕ್ಕೂ ಬೇಡ. ಆದ್ರೆ ನೋಡು, ನನ್ನದು ಅಂತ ಇದ್ರೆ ಕೊಡಬಹುದು. ಕೊಟ್ಟ ಮೇಲೆ ಕೊಡೋಕೆ ಏನಿರುತ್ತೆ?”

ಇಂಥವರ ಹತ್ತಿರ ವಾದ ಮಾಡಬಾರದು, ಎಮ್ಮೆಯ ಬೆನ್ನಿಗೆ ನೀರು ಹೊಯ್ದಂತೆ. ಅವನು ಹಬ್ಬ ಕಳೆಯಲಿ ಅಂದ. ಅವ್ವ ಕೈಮುಗಿದು ಹೊರಟಳು. ದಾರಿಯಲ್ಲಿ ಕೂಸಿನ ಹಲ್ಲು ಮುಟ್ಟಿ ನೋಡಿದಳು. ಮೊದಲಿಗಿಂತ ಸಡಿಲ.

ಆಮೇಲೆ ಗಾಣದವನ ಮನೆಗೆ ಹೋದಳು. ಗಾಣದವನು ಸತ್ತು ಹೋಗಿದ್ದ. ಅವನ ಹೆಂಡತಿ ಹಿಂಡಿ ತಟ್ಟುತ್ತಾ ಕೂತಿದ್ದಳು, ಇವಳು ನಿಂತಿದ್ದಳು. ಸತ್ತವನಿಗೆ ಮಣೆ ಯಾಕೆ ಬೇಕು, ಅದೊಂದು ಖಾಲಿಯಲ್ಲವೇ ಅಂತ ಇವಳು ಕೇಳಿದಳು. ಅವಳೂ ಒಪ್ಪಿದಳು. ಇಬ್ಬರೂ ಕೂಡಿ ಶಾಲೆಗೆ ಬಂದರು. ಮೇಷ್ಟ್ರು ತಲೆಯಾಡಿಸಿ, ಸತ್ತದ್ದು ಸರಿ, ಎದ್ದೆ ಅಂತ ಆತ ಹೇಳಿದನೇ ಅಂದರು.

“ಹೇಳೋದೆಲ್ಲಿಂದ ಮೇಷ್ಟ್ರೇ?” ಅಂದಳು ಗಾಣದವನ ಹೆಂಡತಿ. “ಬದುಕಿದ್ದಾಗ ಊಟಕ್ಕೆ ಏಳಿ ಅಂದ್ರೇ ಏಳ್ತಿರಲಿಲ್ಲ.”

ಹಾಗಾದರೆ ಕೂತಿದ್ದಾನೆ ಅಂದರು ಮೇಷ್ಟ್ರು. ಬಾಗಿಲು ಕಾಯುವವನು ಆ ಮಣೆಯ ಕಡೆ ನೋಡಿ, ಹೌದು, ತೆಪ್ಪಗೆ ಕೂತಿದ್ದಾನೆ, ಒಳ್ಳೆಯ ಹುಡುಗ ಅಂದ. ಸತ್ತವನು ಏಳುವುದಿಲ್ಲ, ಬದುಕಿದವನು ಏಳುವುದಿಲ್ಲ. ಹಾಗಿದ್ದ ಮೇಲೆ ಬಾಗಿಲು ಇಟ್ಟದ್ದಾದರೂ ಏಕೆ, ಗೋಡೆ ಕಟ್ಟಿಬಿಡಬಹುದಿತ್ತಲ್ಲ? ಅವ್ವ ಇಷ್ಟನ್ನೂ ಮನಸ್ಸಿನಲ್ಲೇ ಅಂದುಕೊಂಡಳು. ಬಾಯಿ ಬಿಟ್ಟು ಅಂದರೆ ಮೇಷ್ಟ್ರಿಗೆ ಸಿಟ್ಟು ಬಂದೀತು, ಸಿಟ್ಟು ಬಂದರೆ ಸಿಕ್ಕುವ ಜಾಗವೂ ತಪ್ಪೀತು. ಬೇಡುವವರ ಬಾಯಿಗೆ ಯಾವಾಗಲೂ ಹೊಲಿಗೆಯೇ ಅಲ್ಲವೇ?

ಕಡೆಗೆ ಬಳೆಗಾರ್ತಿಯ ಹತ್ತಿರ ಹೋದಳು. ಬಳೆಗಾರ್ತಿ ಒಳ್ಳೆಯವಳು. ಇವಳನ್ನು ನಿಲ್ಲಿಸಲಿಲ್ಲ, ಪಕ್ಕದಲ್ಲೇ ಕೂರಿಸಿಕೊಂಡಳು, ಕೂಸಿನ ಕೈಗೆ ಹಸಿರು ಬಳೆ ತೊಡಿಸಿದಳು. ಚಿಕ್ಕಂದಿನಲ್ಲಿ ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ಶಾಲೆಗೆ ಹೋಗಿದ್ದಳಂತೆ. ಆಮೇಲೆ ಬಳೆಯ ಮಲಾರ ಹೆಗಲಿಗೆ ಬಂತು, ಶಾಲೆ ಹೋಯಿತು. ಅವ್ವ ಬಂದ ಕೆಲಸ ಹೇಳಿದಾಗ ಅವಳ ಕೈ ನಿಂತಿತು.

“ತಂಗಿ, ಮೂಗಿನ ಬೊಟ್ಟು ಕೇಳು, ಬಿಚ್ಚಿ ಕೊಡ್ತೀನಿ. ಅದೊಂದು ಕೇಳಬೇಡ.”

“ಅಕ್ಕ, ನೀನು ಮತ್ತೆ ಅಲ್ಲಿಗೆ ಹೋಗ್ತೀಯಾ?”

“ಹೋಗಲ್ಲ. ಹೋಗಲ್ಲ ಅಂತ ಗೊತ್ತು. ಆದ್ರೂ ದಿನಾ ಬಳೆ ಹೊತ್ಕೊಂಡು ಶಾಲೆ ಮುಂದೆ ಹಾದು ಹೋಗ್ತೀನಲ್ಲ, ಆಗ ಒಳಗೆ ನಾನೂ ಒಬ್ಬಳು ಕೂತಿದೀನಿ ಅನ್ಸುತ್ತೆ.”

ಯಜಮಾನನ ಮೇಲೆ ಸಿಟ್ಟಾಗಬಹುದಿತ್ತು. ಇವಳ ಮೇಲೆ ಸಿಟ್ಟಾಗುವುದು ಹೇಗೆ? ಇಲ್ಲ ಅನ್ನುವವರೆಲ್ಲ ಕೆಟ್ಟವರೇ ಆಗಿದ್ದರೆ ಬದುಕು ಎಷ್ಟು ಸಲೀಸಾಗಿರುತ್ತಿತ್ತು. ಅವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಕೂಸು ಬಾಯಿ ತೆರೆದು ತೋರಿಸಿತು. ಹಲ್ಲು ಮಲಗಿಬಿಟ್ಟಿತ್ತು, ಒಂದು ಎಳೆಯಲ್ಲಿ ಹಿಡಿದುಕೊಂಡಿತ್ತು.

ಮರುದಿನ ಬೆಳಿಗ್ಗೆ ಅವ್ವ ಅಂಬಲಿಯನ್ನೂ ಕುಡಿಸಲಿಲ್ಲ. ಬಾಯಿ ಮುಚ್ಚು, ಮಾತಾಡಬೇಡ, ನಗಬೇಡ ಅಂತ ಹೇಳಿ ಕೂಸನ್ನೆತ್ತಿಕೊಂಡು ಶಾಲೆಯ ಕಿಟಕಿಯ ಹತ್ತಿರ ಹೋಗಿ ನಿಂತಳು. ಯಾತಕ್ಕೆ ಹೋದಳೋ ಅವಳಿಗೇ ತಿಳಿಯದು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಕಿಟಕಿಯ ಹತ್ತಿರ ಹೋಗುವುದು ಹೆಂಗಸರ ಹಳೆಯ ಅಭ್ಯಾಸ. ಒಳಗೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಬಾಯಿಪಾಠದ ಹೆಸರುಗಳನ್ನು ಕೂಗುತ್ತಿದ್ದರು. ಮಕ್ಕಳಾಗಿದ್ದಾಗ ಯಾರು ಏನಾಗಿದ್ದರೋ ಅದೇ ಹೆಸರು. ಬಾಗಿಲು ಕಾಯುವವನು ಎಲ್ಲರ ಪರವಾಗಿ ಉತ್ತರ ಕೊಡುತ್ತಿದ್ದ.

“ದೊಡ್ಡಮನೆಯ ಕುಮಾರ.”

“ಹಾಜರ್.”

“ಗಾಣದವನ ಮಗ.”

“ಹಾಜರ್.”

“ಬಳೆಗಾರನ ಮಗಳು.”

“ಹಾಜರ್.”

ಕೂಗು ಸಾಲಿನಿಂದ ಸಾಲಿಗೆ ಹಿಂದಕ್ಕೆ ಸರಿಯಿತು. ಕಟ್ಟಕಡೆಯ ಸಾಲು, ಗೋಡೆಯ ಮೂಲೆ.

“ಪೊರಕೆಯವನ ಮಗಳು.”

“ಹಾಜರ್,” ಅಂದ ಬಾಗಿಲು ಕಾಯುವವನು.

ಅವ್ವ ಕಿಟಕಿಯ ಸರಳಿಗೆ ಮುಖವಿಟ್ಟು ಮೂಲೆಯ ಮಣೆ ನೋಡಿದಳು. ಊರಿನಲ್ಲಿ ಪೊರಕೆ ಕಟ್ಟುವ ಮನೆ ಒಂದೇ. ಅವಳು ಚಿಕ್ಕವಳಿದ್ದಾಗ ಆ ಮನೆಗೆ ಮಗಳೂ ಅವಳೊಬ್ಬಳೇ.

ಒಂದೇ ಒಂದು ಬೆಳಿಗ್ಗೆ, ಅದೂ ಅರ್ಧ. ಚಿಕ್ಕಂದಿನಲ್ಲಿ ಅವ್ವನನ್ನೂ ಇಲ್ಲಿ ಕರೆತಂದು ಕೂರಿಸಿದ್ದರು. ಹಿಂದಿನ ಮೇಷ್ಟ್ರು ಸಾಲಿನುದ್ದಕ್ಕೂ ಬಳಪ ಹಂಚುತ್ತಾ ಬರುತ್ತಿದ್ದರು. ಬಳಪ ಮೂಲೆಯವರೆಗೆ ಬರುವ ಮೊದಲೇ ಅಪ್ಪ ಬಾಗಿಲಲ್ಲಿ ನಿಂತಿದ್ದ: ತಮ್ಮ ಹುಟ್ಟಿದ್ದಾನೆ ನಡಿ, ತೊಟ್ಟಿಲು ತೂಗುವವರಿಲ್ಲ. ನಡೆದಳು. ತಮ್ಮನಾದ ಮೇಲೆ ಇನ್ನೊಬ್ಬ ತಮ್ಮ, ಆಮೇಲೆ ಪೊರಕೆ, ಆಮೇಲೆ ಗಂಡ. ಬಳಪ ಮುಟ್ಟದ ಅರ್ಧ ಬೆಳಿಗ್ಗೆಯನ್ನು ಯಾರಾದರೂ ಶಾಲೆ ಅನ್ನುತ್ತಾರೆಯೇ? ಕೂತವರು ಅಂದರೆ ದೊಡ್ಡ ಜನ ಅಂದುಕೊಂಡಿದ್ದಳು. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ತನ್ನ ಹೆಸರು ಕೂಗುತ್ತಿದ್ದಾರೆ, ತಾನು ಹಾಜರಿದ್ದೇನೆ, ತನಗೇ ಗೊತ್ತಿಲ್ಲ. ಇವಳು ತಿಂದ ಮುರುಕು ಹೋಳಿಗೆಯನ್ನೆಲ್ಲ ನೆನೆದರೆ ನನಗೇ ಮೈಯುರಿಯುತ್ತದೆ.

ಅವ್ವ ಕಿಟಕಿ ಬಿಟ್ಟು ಬಾಗಿಲಿಗೆ ಬಂದಳು. ಪೊರಕೆಯವನ ಮಗಳು ನಾನೇ ಅಂದಳು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ಅವಳನ್ನು ನೋಡಿದರು, ಮೂಲೆಯ ಮಣೆಯನ್ನು ನೋಡಿದರು. ಅವರ ಮುಖ ಅರಳಿತು. ಅವರ ಕಾಲದಲ್ಲಿ ಕೂತವರೊಬ್ಬರು ತಾವಾಗಿ ಬಂದದ್ದು ಇದೇ ಮೊದಲು. ಹಾಗಿದ್ದರೆ ಸುಲಭವಾಯಿತಲ್ಲ ತಾಯಿ, ಮಣೆಯ ಮುಂದೆ ನಿಲ್ಲು, ಎದ್ದೆ ಅನ್ನು, ಕೂಸನ್ನು ಕೂರಿಸು, ಮುಗಿಯಿತು ಅಂದರು.

ಅವಳು ಮೂಲೆಗೆ ಹೋದಳು. ಮಣೆಯ ಮೇಲೆ ಧೂಳಿರಲಿಲ್ಲ. ದಿನವೂ ಒರೆಸಿದ್ದ ಮಣೆ. ಕೂಸು ಅವಳ ಸೀರೆಯ ನೆರಿಗೆ ಹಿಡಿದು ನಿಂತಿತ್ತು, ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅವ್ವ ಬಾಯಿ ತೆರೆದಳು. ‘ನಾನು’ ಅಂದಳು. ಮುಂದಿನ ಮಾತು ಬರಲಿಲ್ಲ.

ಇನ್ನೊಂದು ಸಲ ‘ನಾನು’ ಅಂದಳು. ಬರಲಿಲ್ಲ.

ಏನಮ್ಮ, ಒಂದೇ ಮಾತು ಅಂದರು ಮೇಷ್ಟ್ರು. ಕೂಸಿನ ಹಲ್ಲು ನೋಡವ್ವ ಅಂದ ಬಾಗಿಲು ಕಾಯುವವನು. ಅವಳಿಗೂ ಗೊತ್ತಿತ್ತು. ಈ ಒಂದು ಮಾತಿಗಾಗಿ ಅವರಿವರ ಬಾಗಿಲಲ್ಲಿ ನಿಂತು, ಮಂಡಿಗೆ ಎಣ್ಣೆ ತಿಕ್ಕಿ ಬಂದವಳು ಅವಳು. ಬೇರೆಯವರನ್ನು ಆ ಮಾತು ಎಷ್ಟು ಸುಲಭವಾಗಿ ಬೇಡಿದ್ದಳು. ತನ್ನ ಸರದಿ ಬಂದಾಗ ಆ ಮಾತೂ ಏಳಲಿಲ್ಲ. ಬಳೆಗಾರ್ತಿಯ ನಿಂತ ಕೈ ಅವಳಿಗೆ ಆಗ ಪೂರ್ತಿ ತಿಳಿಯಿತು.

“ಸ್ವಾಮಿ,” ಅಂದಳು, “ಏಳಬೇಕಾದ್ರೆ ಮೊದಲು ಕೂರಬೇಕಲ್ಲ. ನಾನು ಸರಿಯಾಗಿ ಕೂತೇ ಇಲ್ಲ.”

ಅಂದವಳೇ ಕೂತಳು. ಸೀರೆ ಸರಿಮಾಡಿಕೊಂಡು, ಕಾಲು ಮಡಿಸಿ, ತನ್ನ ಮಣೆಯ ಮೇಲೆ. ಆ ಕೋಣೆಯಲ್ಲಿ ಮಣೆಯೊಂದು ಕಿರುಗುಟ್ಟಿದ್ದನ್ನು ಮೇಷ್ಟ್ರು ಹಿಂದೆಂದೂ ಕೇಳಿರಲಿಲ್ಲ. ಬೆಚ್ಚಿ ಬೆತ್ತ ಬೀಳಿಸಿದರು. ಅವ್ವ ಕೂತಳೆಂದರೆ ಮಕ್ಕಳು ಏನು ಮಾಡುತ್ತವೆ? ಯಾರನ್ನಾದರೂ ಕೇಳುತ್ತವೆಯೇ? ಕೂಸು ಅವಳ ತೊಡೆ ಹತ್ತಿ ಕೂತಿತು.

ಬಾಗಿಲು ಕಾಯುವವನು ಓಡಿ ಬಂದ. ಒಂದು ಮಣೆಗೆ ಇಬ್ಬರಿಲ್ಲ, ಹಾಗೆ ಮಾಡಕೂಡದು ಅಂದ.

“ಮಣೆ ಮೇಲೆ ನಾನೊಬ್ಬಳೇ ಇದೀನಿ ಅಣ್ಣ,” ಅಂದಳು ಅವ್ವ. “ಅದು ಕೂತಿರೋದು ನನ್ನ ಮೇಲೆ. ನಿಮ್ಮ ಕಟ್ಟಳೆ ಮಣೆಗೆ. ನನ್ನ ತೊಡೆಗೂ ಕಟ್ಟಳೆ ಮಾಡಿದೀರಾ?”

ಅವನು ಬಗ್ಗಿ ನೋಡಿದ. ಒಂದು ಸುತ್ತು ಸುತ್ತಿ ನೋಡಿದ. ಕೂಸಿನ ಒಂದು ಬೆರಳೂ ಮಣೆಗೆ ತಾಗಿರಲಿಲ್ಲ. ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಟ್ಟಳೆಯನ್ನು ಮನಸ್ಸಿನಲ್ಲೇ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹೇಳಿಕೊಂಡರು. ಅದರಲ್ಲಿ ತೊಡೆ ಎಲ್ಲೂ ಬರಲಿಲ್ಲ.

ಅಷ್ಟರಲ್ಲಿ ಕೂಸು, ಮಾತಾಡಬೇಡ ಅಂದದ್ದನ್ನು ಮರೆತು, ಕರಿಹಲಗೆಯ ಕಡೆ ಬೆರಳು ಮಾಡಿತು.

“ಅದು ಏನಂತ ಕೂಗುತ್ತೆ?”

ಮೇಷ್ಟ್ರು ಕೂಸಿನ ಕಡೆ ತಿರುಗಿದರು. ಅವರ ಮೇಷ್ಟ್ರುತನದಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಬರೀ ಮಣೆ ಏನು ಕೇಳೀತು? ಬಗ್ಗಿ ಬೆತ್ತ ಎತ್ತಿಕೊಂಡು, ಅಕ್ಷರದ ಮೇಲಿಟ್ಟು, “ಅ,” ಅಂದರು.

“ಅ,” ಅಂದಿತು ಕೂಸು. ಅಗಲವಾಗಿ ಬಾಯಿ ತೆರೆದದ್ದಕ್ಕೆ ಹಲ್ಲು ಕಳಚಿ ಅವ್ವನ ಅಂಗೈಗೆ ಬಿತ್ತು. ಅವ್ವ ಮುಷ್ಟಿ ಮುಚ್ಚಿಕೊಂಡು, ಕೂಸಿನ ಹಿಂದಿನಿಂದ, ಯಾರಿಗೂ ಕೇಳದ ಹಾಗೆ ತಾನೂ ‘ಅ’ ಅಂದಳು.

ಆಮೇಲೆ ಯಾರು ಏನಾದರು ಅಂತೀರಾ? ಹೇಳುತ್ತೇನೆ.

ಬಳೆಗಾರ್ತಿ ಸುದ್ದಿ ಕೇಳಿದವಳೇ ಮಲಾರ ಇಳಿಸಿ, ಬೀದಿಯಲ್ಲಿ ಆಡುತ್ತಿದ್ದ ಯಾರದೋ ಮಗುವನ್ನು ಎತ್ತಿಕೊಂಡು ಶಾಲೆಗೆ ಹೋದಳು. ಅವಳು ಅರ್ಧಕ್ಕೆ ಬಿಟ್ಟಿದ್ದ ಮಗ್ಗಿಯನ್ನು ಬಿಟ್ಟ ಕಡೆಯಿಂದಲೇ ಹಿಡಿದಳಂತೆ. ಈಗ ಬಳೆ ತೊಡಿಸುವಾಗ ಮಗ್ಗಿಯಲ್ಲೇ ಎಣಿಸುತ್ತಾಳೆ, ಒಮ್ಮೊಮ್ಮೆ ತಪ್ಪಿ ಒಂದು ಬಳೆ ಹೆಚ್ಚು ಬೀಳುತ್ತದೆ, ಯಾರೂ ದೂರುವುದಿಲ್ಲ.

ಗಾಣದವನ ಹೆಂಡತಿ ಮೇಷ್ಟ್ರ ಮುಂದೆ ಬಂದು, ನನ್ನ ಗಂಡ ಕೂತಿದ್ದಾನೆ ಅಂತೀರಲ್ಲ, ನಾನು ಅವನ ತೊಡೆಯ ಮೇಲೆ ಕೂತೆ ಅಂತ ಅವನ ಮಣೆಯ ಮೇಲೆ ಕೂತಳು. ಅವಳ ತೊಡೆಯ ಮೇಲೆ ಅವಳ ತಂಗಿಯ ಮಗ. ಮದುವೆಯಾದಂದಿನಿಂದ ಅವನು ನನ್ನನ್ನು ಹೊತ್ತದ್ದು ಇದೇ ಮೊದಲು ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ದೊಡ್ಡಮನೆಯ ಯಜಮಾನ ಹಬ್ಬ ಕಳೆದ ಮೇಲೆ, ಒಳ್ಳೆಯ ದಿನ ನೋಡಿಸಿ, ಮಡಿಯುಟ್ಟು ಶಾಲೆಗೆ ಬಂದ. ಮಣೆಯ ಮುಂದೆ ನಿಂತು, ಎದೆಯುಬ್ಬಿಸಿ, ನಾನು ಎದ್ದೆ ಅಂದ. ಮಕ್ಕಳು ಗಟ್ಟಿಯಾಗಿ ಅ ಆ ಇ ಈ ಅನ್ನುತ್ತಿದ್ದವು. ಅವನು ಎದ್ದದ್ದು ಯಾರಿಗೂ ಕೇಳಿಸಲಿಲ್ಲ. ಇನ್ನೆರಡು ಸಲ ಎದ್ದು, ಸುಸ್ತಾಗಿ ಮನೆಗೆ ಹೋದ.

ಮೇಷ್ಟ್ರಿಗೆ ಬರೀ ಮಣೆಗಳ ಮುಂದೆ ಒಂದು ಕೂದಲೂ ನರೆತಿರಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ತಲೆ ಪೂರ್ತಿ ಬೆಳ್ಳಗಾಯಿತು. ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿರಲಿಲ್ಲ ಅಂತ ರಾತ್ರಿಯೆಲ್ಲ ತಾವೂ ಓದಿಕೊಳ್ಳುತ್ತಿದ್ದರಂತೆ. ಬಾಗಿಲು ಕಾಯುವವನು ಮಾತ್ರ ಗೊಣಗುತ್ತಲೇ ಉಳಿದ. ಕಾಲು ಎತ್ತಿಕೊಳ್ಳಿ ಅಂದರೆ ಮೊದಲಿನವರು ಎತ್ತಿಕೊಳ್ಳುತ್ತಿದ್ದರು, ಈಗಿನವರು ಹೇಳಿದ ಮಾತು ಕೇಳುವುದಿಲ್ಲ ಅಂತ ಅವನ ದೂರು.

ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ, ಯಾರೂ ತೆಗೆದುಹಾಕಲೂ ಇಲ್ಲ. ಅದು ಈಗಲೂ ಇದೆ. ಅದರ ತೊಡೆಯ ಮೇಲೆ ಊರ ಮಕ್ಕಳೆಲ್ಲ ಓದಿಕೊಂಡವು.

ಕೂಸು ಬೆಳೆಯಿತು. ಕಾಲು ಉದ್ದವಾಗಿ ತೊಡೆಯಲ್ಲಿ ಹಿಡಿಸದಾದಾಗ ಇಳಿದು ಪೇಟೆಯ ದೊಡ್ಡ ಶಾಲೆಗೆ ಹೋಯಿತು. ಹೋಗುವಾಗ ತಿರುಗಿಯೂ ನೋಡಲಿಲ್ಲ, ಓದುವ ಮಕ್ಕಳು ಹಾಗೆಯೇ.

ಅವ್ವನೂ ಓದಲು ಕಲಿತಳು, ನಿಧಾನವಾಗಿ. ಅವಳು ಅಕ್ಷರ ಕಲಿತದ್ದೆಲ್ಲ ಕೂಸಿನ ಹೆಗಲ ಮೇಲಿಂದ ಇಣುಕಿ. ನಡುವೆ ಆ ಪುಟ್ಟ ತಲೆ ಅಡ್ಡ ಇರುತ್ತಿತ್ತು. ಈಗ ಅಡ್ಡ ಯಾರೂ ಇಲ್ಲ. ಆದರೂ ಏನಾದರೂ ಓದಬೇಕಾದಾಗ ಅವಳು ಕತ್ತನ್ನು ಎಡಕ್ಕೆ ವಾಲಿಸಿಯೇ ಓದುತ್ತಾಳೆ.